ಅಂಗಳ ಕರಗಿಸುವ ದಿನ

ಕೊನೆಯ ಪಂದ್ಯ ಸೋತು ಒಂಬತ್ತು ದಿನಕ್ಕೆ
ಔಲಿಸ್ ಕಂಪ್ರೆಸರ್ ಆರಿಸಿದ.
ಸದ್ದು ನಿಂತ ಮೇಲೆಯೇ ತಿಳಿದದ್ದು
ಆಗಸ್ಟಿನಿಂದ ಅದು ಗುಂಯ್‌ಗುಡುತ್ತಿತ್ತೆಂದು.

ನಲವತ್ತೆಂಟು ಪಂದ್ಯ. ಗೆದ್ದದ್ದು ಹದಿನೇಳು.
ವಿರಾಮ ವಿರಾಮಕ್ಕೂ ಯಂತ್ರವೇರಿ
ಮಂಜುಗಡ್ಡೆಯ ಗೀರುಗಳಿಗೆಲ್ಲ ಬಿಸಿನೀರು ಸವರಿ
ಏನೂ ನಡೆದೇ ಇಲ್ಲವೆಂಬಂತೆ
ಮಾಡಿಕೊಟ್ಟವನು ಇವನೇ.

ಈಗ ನೀಲಿಗೆರೆ ಕೆಂಪುಗೆರೆ
ಒಂದರೊಳಗೊಂದು ಕಲೆಸಿ ಮೋರಿಗಿಳಿಯುತ್ತಿವೆ.
ಬ್ಯಾಂಕಿನ ಜಾಹೀರಾತು ಮಾತ್ರ
ಕರಗಲೊಲ್ಲೆನೆಂದು ಕೂತಿದೆ.

ಬಲಮೂಲೆ, ಹಲಗೆಯ ಬುಡ:
ಸಲಿಕೆಗೆ ಸಿಕ್ಕಿತೊಂದು ಹಲ್ಲು.

ನವೆಂಬರಿನದು. ಲಾಟ್ವಿಯಾದ ಗುಂಟಿಸನದು.
ರಕ್ತ ಉಗಿದು, ಮುಂದಿನ ಸರದಿಗೇ ಮತ್ತೆ ಇಳಿದಿದ್ದ.
ಹುಡುಕಬೇಡಿ, ಇನ್ನೂ ಇವೆ, ಎಂದು
ಆ ಸಂದಿಯಿಂದಲೇ ನಕ್ಕಿದ್ದ.
ಜನವರಿಯಲ್ಲಿ ಮಾರಿದರು ಅವನನ್ನು
ಬೇರೆ ತಂಡಕ್ಕೆ, ಒಂದು ಮಧ್ಯಾಹ್ನದಲ್ಲಿ.
ಎರಡು ಹಾಕಿ ಕೋಲು ಇಲ್ಲೇ ಉಳಿದವು.

ಔಲಿಸ್ ಹಲ್ಲನ್ನು ತೊಳೆದ, ಅಂಗಿಗೆ ಒರೆಸಿದ.
ಎಸೆಯಲು ಹೋಗಿ ನಿಂತ.
ಯಾವ ಬೀಗದ್ದೆಂದು ತಿಳಿಯದ ಕೀಲಿಗಳ ಡಬ್ಬಿಯಲ್ಲಿ
ಅದನ್ನೂ ಹಾಕಿ ಮುಚ್ಚಿದ.

ಹೊರಗೆ ಕೆಮಿಯ ಕೊಲ್ಲಿ,
ಯಾರೂ ಗೆರೆ ಎಳೆಯದ, ಯಾರೂ ಆರಿಸಲಾಗದ ಮಂಜುಗಡ್ಡೆ
ಕಣ್ಣು ಹೋದಷ್ಟು ದೂರ
ಇನ್ನೂ ಗಟ್ಟಿ.