ಎಂಬತ್ತು ದಾಟದೆ

ಟಾರ್ಟುವಿನ ದಾರಿ. ನವೆಂಬರು, ನಾಲ್ಕಕ್ಕೇ ಕತ್ತಲು.
ಮುಂದಿನ ಚಕ್ರ ಉಸಿರು ಬಿಟ್ಟು ಕೂತಿತು.
ಉರ್ಮಾಸ್ ಇಳಿದ,
ನಾನು ಅಪ್ಪ ಅನ್ನದ, ಅಮ್ಮನ ಗಂಡ.

ಕಾರೆತ್ತುವ ಮೊದಲೇ ನಟ್ಟು ಸಡಿಲಿಸಬೇಕು, ಎಂದ,
ನನಗಲ್ಲ, ಸ್ಪ್ಯಾನರಿಗೆ.
ಹಿಂದಿನ ಒಳ್ಳೇ ಚಕ್ರ ಬಿಚ್ಚಿ ಮುಂದಕ್ಕೆ ಹಾಕಿದ,
ಹಿಂದಕ್ಕೆ ಆ ಸಣಕಲು ಸ್ಟೆಪ್ನಿ:
ಕಾರೆಳೆಯುವ ಕಡೆ ಇದನ್ನು ನಂಬಬಾರದಂತೆ.
ನಾನು ಟಾರ್ಚು ಹಿಡಿದೆ,
ಬೇಕೆಂದೇ ತುಸು ಓರೆಗೆ.
ತಡಕಾಡುತ್ತ, ಎದುರುಬದುರಾಗಿ ನಟ್ಟು ಬಿಗಿದ. ಬೈಯಲಿಲ್ಲ.

ಆಮೇಲೆ ಎಂಬತ್ತು ದಾಟದೆ ಹೊರಟೆವು.
ಲಾರಿಗಳು ಕೆಸರೆರಚಿ ಮುಂದಾದವು.
"ಇದು ತಾತ್ಕಾಲಿಕ," ಅಂದ,
ಗಾಲಿಯ ಹಳದಿ ಚೀಟಿ ಓದಿದ ಹಾಗೆ.
ಗೊತ್ತು, ಅಂದೆ.

ಸ್ಟೇರಿಂಗಿನ ಮೇಲೆ ಗ್ರೀಸು, ಜಜ್ಜಿದ ಬೆರಳಿನ ರಕ್ತ.
ನನ್ನ ಕೈಗವಸು ಬಿಚ್ಚಿ
ಗೇರಿನ ಪಕ್ಕ ಇಟ್ಟೆ,
ಅವನಿಗೆ ಚಿಕ್ಕದಾಗುತ್ತದೆ ಎಂದು ಗೊತ್ತಿದ್ದೂ.