ಕುದುರೆಯ ಮೂಗು

ಫ್ಯಾಕ್ಟರಿಯಿಂದ ಬಂದ ದಿನ ಹೆಂಗಿತ್ತೋ ಹಂಗೇ ಆಗಬೇಕು, ಎಂದೆ.
ಯಾಕೂಬಸಾಬರು ಕನ್ನಡಕ ಹಣೆಗೇರಿಸಿದರು:
"ಆ ದಿನ ನೀವೂ ನೋಡಿಲ್ಲ ಬಾಯಿ, ನಾನೂ ನೋಡಿಲ್ಲ.
ಯಾರನ್ನ ಕೇಳೂಣು?"

ಶಾಹಾಬಜಾರಿನ ಆ ಅಂಗಡಿಗೆ ಬೋರ್ಡಿಲ್ಲ.
ಗೋಡೆಗೆ ಲೈಸೆನ್ಸಿನ ಚೌಕಟ್ಟು, ಒಂದು ವೈಸು, ಒಂದು ಬಲ್ಬು,
ಚಹಾದ ಬಶಿಯಲ್ಲಿ ಬಿಚ್ಚಿದ ಸ್ಕ್ರೂಗಳು,
ಬಿಚ್ಚಿದ ಸರದಿಯಲ್ಲೇ, ಗಡಿಯಾರದ ಸುತ್ತು,
ಹನ್ನೆರಡರಿಂದ ಶುರು.
ಐಟಿಐ ಹುಡುಗರಿಗೆ ಇಪ್ಪತ್ತಾರು ವರ್ಷ ಫಿಟ್ಟರ್ ಕಲಿಸಿದವಳು ನಾನು.
ಆ ಬಶಿ ನೋಡಿ ನಂಬಿಕೆ ಬಂತು.

ಮುತ್ಯಾನದು.
ಗುರುಶಾಂತಪ್ಪ ಮಾಲಿಪಾಟೀಲ, ಕಾಗಿಣಾ ದಂಡೆಯ ಊರು.
ಬರ್ಮಿಂಗ್‌ಹ್ಯಾಮಿನ ಉಕ್ಕಿಗೆ ಹೈದರಾಬಾದಿನ ನಿಕಲ್:
ನಲವತ್ತೊಂಬತ್ತರಲ್ಲಿ ದೊಡ್ಡತ್ತೆಯ ಮದುವೆ,
ಬೀಗರೆದುರು ಮಿಂಚಬೇಕಿತ್ತು.
ಈಗ ಮೈತುಂಬ ಹೊಪ್ಪಳೆ.
ಹಿಡಿಕೆಯ ಬುಡದಲ್ಲಿ ನೂರಾರು ಜಜ್ಜು. ಅದು ಆಯಿಯ ಕೆಲಸ.
ಶಾಹಾಬಾದಿ ಫರಸಿಯ ಮೇಲೆ ಕಾಡುಬಾದಾಮಿ ಇಟ್ಟು,
ಎಡಗೈಯಲ್ಲಿ ನಳಿಗೆ ಹಿಡಿದು, ಹಿಡಿಕೆಯಿಂದ ಟಕ್ಕನೆ ಒಡೆದು
ನಮಗೆ ಒಂದೊಂದು ತಿರುಳು.
ನಳಿಗೆಯ ಬಾಯಿ ಆಗ ಆಕೆಯ ಎದೆಯ ಕಡೆಗೇ.
ಮನೆಮಂದಿ ಚೀರುತ್ತಿದ್ದರು. ಚಂದಮ್ಮ ನಗುತ್ತಿದ್ದಳು.

ಕಥೆ ಮಾತ್ರ ಮುತ್ಯಾನದೇ.
ರಜಾಕಾರರ ಕಾಲ, ಮೂರು ರಾತ್ರಿ ಅಗಸಿಯಲ್ಲಿ ಕುಂತದ್ದು,
ತೊಡೆಯ ಮೇಲೆ ಇದು. ಒಂದು ಗುಂಡೂ ಹಾರಿಸಲಿಲ್ಲ,
ನೋಡಿದ್ದಕ್ಕೇ ಓಡಿಹೋದರಂತೆ.
ತಿಂಗಳಾಚೆ, ಮಿಲಿಟರಿ ಬಂದುಹೋದ ಮೇಲೆ,
ನಮ್ಮವರೇ ಎಂಟು ಜನ ಕಟ್ಟೆಗೆ ಬಂದು
"ಗೌಡಾ, ಈಗ ನಮ್ಮ ಪಾಳಿ, ಅದನ್ನ ಕೊಡು" ಅಂದರು.
ಕೊಟ್ಟಿದ್ದನೇ?
ಕಥೆ ಅಲ್ಲಿ ನೀರು ಕುಡಿಯಲು ಎದ್ದು ಹೋಗುತ್ತಿತ್ತು.
ಮತ್ತೆ ಬಂದು ಕೂತಾಗ ದೊಡ್ಡತ್ತೆಯ ಮದುವೆ.

ನಾಲ್ಕನೇ ದಿನ ಫೋನು:
"ಬಾಯಿ, ನಿಮ್ಮ ಕುದುರಿಗಿ ಮೂಗಿಲ್ಲ."

ಕುದುರೆ ಅಂದರೆ ಹಿಂದಿನ ಕೊಕ್ಕೆ,
ಎದ್ದು ಬಂದು ತೋಟಾದ ಬೆನ್ನು ಕುಟ್ಟುವುದು.
ಕುಟ್ಟುವ ಆ ತುದಿಯೇ ಇರಲಿಲ್ಲ.
ಬಲ್ಬಿಗೆ ಹಿಡಿದು ನೋಡಿದೆ. ಮುರಿದದ್ದಲ್ಲ,
ಮುರಿದರೆ ಉಕ್ಕಿನ ಕಾಳು ಕಾಣುತ್ತದೆ.
ಅರ ಹಾಕಿದ್ದು.
ಹೊಸಬರ ಕೈ. ಮೊದಲು ಎರಡು ಸಲ ಜಾರಿದೆ, ಆಮೇಲೆ ಹಟ.
ಗೆರೆಗಳೆಲ್ಲ ಒಂದೇ ಕಡೆಗೆ ಓರೆ,
ನನ್ನ ಕ್ಲಾಸಿನಲ್ಲಿ ಎಡಚ ಹುಡುಗರಿಗೆ ಬೀಳುತ್ತಿದ್ದ ಓರೆ.
ಗೆರೆಗಳ ಸಂದಿಯಲ್ಲಿ ಇನ್ನೂ ನಿಕಲ್ ಕೂತಿತ್ತು.
ಅಂದರೆ ಮದುವೆಗೆ ಮೊದಲು.
ಎಷ್ಟು ಮೊದಲು, ಯಾವ ರಾತ್ರಿ,
ಎಂಟು ಜನ ಬರುವ ಮುಂಚೆಯೋ, ಬಂದು ಕೂತಿದ್ದಾಗಲೇ
ಒಳಗೆ ಬೀಸುಕಲ್ಲಿನ ಸಪ್ಪಳದ ಮರೆಯಲ್ಲೋ,
ಅದನ್ನು ಲೋಹ ಹೇಳುವುದಿಲ್ಲ.

ಎಲೆಕ್ಷನ್ನಿಗೊಮ್ಮೆ ಠಾಣೆಗೊಪ್ಪಿಸಿ ತಂದ ಚೀಟಿಗಳು ಮನೆಯಲ್ಲಿವೆ:
ಮುತ್ಯಾನವು, ಅಪ್ಪನವು, ನನ್ನವು, ಒಂದೇ ಟಾಚಣಿಗೆ.
"ರಿವಾಲ್ವರ್ ಒಂದು. ಚಾಲೂ ಸ್ಥಿತಿ."
ಎಷ್ಟು ಜನ ಫೌಜದಾರರು ಎಷ್ಟು ಜತನದಿಂದ ಬೀಗ ಹಾಕಿದ್ದರು!

"ಹೊಸಾ ಮೂಗು ಕೂಡಸ್ತೀನಿ," ಎಂದರು ಯಾಕೂಬಸಾಬ,
"ಮೂಗಿಲ್ಲದ್ದು ಯಾವ ಫ್ಯಾಕ್ಟರಿನೂ ಕಳಸಂಗಿಲ್ಲ. ಮಾತು ನಿಮ್ದೇ."
ಅವರ ಊರು ಯಾವುದೆಂದು ಆಗ ಕೇಳಿದೆ.
ಹೇಳಿದರು. ಕಾಗಿಣಾದ ಆಚೆ ದಂಡೆ.
"ಅಪ್ಪಾ ಸಣ್ಣಾಂವ ಇದ್ದಾಗ ಬಿಟ್ಟು ಬಂದ್ರು" ಅಂದು
ಅರದ ಹಲ್ಲಿಗೆ ಬ್ರಷ್ ಹೊಡೆಯತೊಡಗಿದರು.

ನಳಿಗೆಯ ಒಂದಂಗುಲಕ್ಕೆ ಹಳೆಯ ಬಣ್ಣ ಮರಳಿತ್ತು,
ಮಳೆ ನಿಂತ ಮೇಲಿನ ಎರೆಹೊಲದಂತೆ
ಕಪ್ಪು, ಒಳಗೊಂದು ನೀಲಿ.
ಚೆಂದವಿತ್ತು. ಸುಳ್ಳು ಹೇಳಲಾರೆ, ಪೂರ್ತಿ ಬೇಕೆನಿಸಿತು.

ಬಣ್ಣ ಮಾಡ್ರಿ, ಎಂದೆ. ಸ್ಪ್ರಿಂಗ್ ಬದಲಿಸ್ರಿ.
ಹಿಡಿಕೆ ಮುಟ್ಟಬ್ಯಾಡ್ರಿ.
"ಮತ್ತ ಇದು?"

ಅಂಗೈಯಲ್ಲಿ ಕುದುರೆ, ಬೋಳು ಮುಖ, ಹುಣಸೆಬೀಜದಷ್ಟು.
ನಾನು ಮಾತಾಡುವುದನ್ನು ಸ್ವಲ್ಪ ಕಾದು,
ಬಶಿಯಲ್ಲಿ ಹನ್ನೊಂದರ ಜಾಗಕ್ಕೆ ಅದನ್ನಿಟ್ಟು
ಹುಡುಗನನ್ನು ಚಹಾಕ್ಕೆ ಕಳಿಸಿದರು.