ಹದಿನಾಲ್ಕನೇ ಸಲ

ಪೆಮ್ಮಯ್ಯನವರ ಮೊದಲ ಚಿತ್ರ ಯಾವುದೆಂದರೆ
ಎಲ್ಲರೂ ಎರಡನೆಯದರ ಹೆಸರು ಹೇಳುತ್ತಾರೆ.
ಅವರೂ ಅಷ್ಟೆ.
ಮೊದಲನೆಯದು ವಿರಾಜಪೇಟೆಯ ಟಾಕೀಸಿನಲ್ಲಿ
ನಾಲ್ಕು ದಿನ ಓಡಿತು. ಓಡಿತು ಅನ್ನುವುದೂ ಹೆಚ್ಚೇ,
ಕುಂಟಿತು.
ಐದನೇ ದಿನ ಅದರ ಪೋಸ್ಟರಿನ ಮೇಲೆ
ಹಸಿ ಮೈದಾ ಅಂಟಿನ ಇನ್ನೊಂದು ಮುಖ.
ಹೆಸರು ‘ಬಣ್ಣದ ಮಾಮ’.
ದೆವ್ವದ ಚಿತ್ರ. ದೆವ್ವ ಒಬ್ಬ ಜೋಕರ್.

ಅದರಲ್ಲಿ ಹೆದರುವ ಹುಡುಗಿ ನಾನು.
ಟೈಟಲಿನಲ್ಲಿ ಬೇಬಿ ಶೈಲಾ ಎಂದಿದೆ.
ಸೈನಬಾ ಉದ್ದವಾಯಿತಂತೆ,
ಒಂದಕ್ಷರ ಉಳಿಯಿತಲ್ಲ ಎಂದರು ಯಾರೋ.
ಉಪ್ಪ ಜನರೇಟರ್ ನೋಡಿಕೊಳ್ಳುತ್ತಿದ್ದರು,
ನಾನು ಅವರ ಬುತ್ತಿ ಹಿಡಿದು ಹೋದವಳು.

ಮುಚ್ಚಿಹೋದ ಕಾಫಿ ಕ್ಯೂರಿಂಗಿನ ಗೋದಾಮು,
ಜನವರಿಯ ಹನ್ನೊಂದು ರಾತ್ರಿ,
ಕೆಮ್ಮಿದರೆ ಬಾಯೊಳಗೂ ಹೊಟ್ಟಿನ ಧೂಳು.

ಜೋಕರ್, ಕುಂಞಂಬು.
ತಲಶ್ಶೇರಿಯ ಸರ್ಕಸ್ಸಿನಲ್ಲಿ ಇಪ್ಪತ್ತು ವರ್ಷ ಬಿದ್ದವರು.
ಹಾಗೇ ಹೇಳುತ್ತಿದ್ದರು, ‘ನಾನು ಬೀಳುವ ಕೆಲಸದಲ್ಲಿದ್ದೆ.’
ಆಮೇಲೆ ಮಾಕುಟ್ಟದ ಘಾಟಿ ಹತ್ತಿ ಬಂದು
ಬಸ್ ಸ್ಟ್ಯಾಂಡಿನೆದುರು ಪಳಂಪೊರಿ ಕರಿಯುತ್ತಿದ್ದರು.
ಮುಖಕ್ಕೆ ಸತುವಿನ ಪುಡಿ, ತೆಂಗಿನೆಣ್ಣೆಯಲ್ಲಿ ಕಲಸಿದ್ದು.
ಮೂಗಿಗೆ ಅರ್ಧ ಪಿಂಗ್‌ಪಾಂಗ್ ಚೆಂಡು,
ಅದಕ್ಕೆ ಉಗುರುಬಣ್ಣ, ಎರಡು ಕೋಟು.
ತುಟಿಯನ್ನು ಕಿವಿಯವರೆಗೂ ಎಳೆದು ಬರೆದು
ಕನ್ನಡಿ ನೋಡಿ, ‘ಪಾಪ, ಯಾರೋ ನಗುತ್ತಿದ್ದಾನೆ’ ಎಂದರು.

ನನಗೆ ಹೆದರಿಕೆಯೇ ಬರಲಿಲ್ಲ.
ಅದೇ ತೊಂದರೆ.
ಅಟ್ಟದಿಂದ ಅವರು ಬೀಳಬೇಕು, ಎದ್ದು
ನನ್ನತ್ತ ತಲೆ ತಿರುಗಿಸಬೇಕು, ನಾನು ಬೆಚ್ಚಬೇಕು.
ಅವರು ಬಿದ್ದರೆ ನನಗೆ ನಗು.
ಬೀಳುವ ಮುಂಚೆ ಅಟ್ಟದ ಅಂಚಿನಲ್ಲಿ ಒಂದು ಕ್ಷಣ
ಏನೋ ಮರೆತವರಂತೆ ಜೇಬು ತಡವುತ್ತಿದ್ದರು,
ನನಗೆಂದೇ.

ಪೆಮ್ಮಯ್ಯ ‘ಇನ್ನೊಂದು’ ಎಂದರು.
ಇನ್ನೊಂದು.
ಕೆಳಗೆ ಗೋಣಿಚೀಲದ ರಾಶಿಯಿತ್ತು,
ಫ್ರೇಮಿಗೆ ಬರುತ್ತದೆಂದು ಐದರ ನಂತರ ತೆಗೆಸಿದರು.
ಬಿದ್ದವರೇ ಎಣಿಸುತ್ತಿದ್ದರು,
ಏಳ್, ಎಟ್ಟ್, ಒಂಬದ್,
ಗಿರಾಕಿಗೆ ಪೊಟ್ಟಣ ಕಟ್ಟುವಾಗ ಎಣಿಸುವ ಹಾಗೆ.
ಹನ್ನೊಂದಕ್ಕೆ ಜೇಬು ತಡವುವುದು ನಿಂತಿತು.

ಹದಿನಾಲ್ಕಕ್ಕೆ ಅವರು ಏಳಲಿಲ್ಲ.
ಅರ್ಧ ಚೆಂಡು ಸಿಮೆಂಟಿನ ಮೇಲೆ ತಕತಕ ಕುಣಿದು
ನನ್ನ ಕಾಲ ಬಳಿ ಬಂದು ಬೋರಲಾಯಿತು.
ಉಪ್ಪ ಓಡಿ ಬಂದರು. ಯಾರೋ ಲೈಟಿಗೆ ಕೈ ಹಾಕಿದರು.
‘ಯಾರೂ ಅಲ್ಲಾಡಬೇಡಿ.’
ಪೆಮ್ಮಯ್ಯನವರ ದನಿ, ಮೆಲ್ಲಗೆ,
ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ.
‘ಕ್ಯಾಮೆರಾ ಓಡಲಿ.’
ನಾನು ಅವರತ್ತ ನೋಡಿದೆ.

ಆ ಶಾಟ್ ಅದೇ.

ಸೊಂಟದ ಮೂಳೆ ಕೂಡಿತು, ತುಸು ವಾರೆಯಾಗಿ.
ಮತ್ತೆ ಕರಿದರು ಪಳಂಪೊರಿ, ಸ್ಟೂಲಿನ ಮೇಲೆ ಕೂತು.
ಶಾಲೆ ಬಿಟ್ಟು ಹೋದರೆ ನನಗೊಂದು ಹೆಚ್ಚಿಗೆ.
ಸಿನಿಮಾದ ಮಾತು ಅವರೂ ಎತ್ತಲಿಲ್ಲ, ನಾನೂ.
ಒಂದು ಮಳೆಗಾಲದಲ್ಲಿ ಅಂಗಡಿಯ ಬಾಗಿಲು ಹಾಕಿತ್ತು,
ಆಮೇಲೆ ಅಲ್ಲಿ ಛತ್ರಿ ರಿಪೇರಿಯವನು ಬಂದ.

ಈಗ ಎಲ್ಲೋ ಒಂದು ಪ್ರಿಂಟು ಸಿಕ್ಕಿದೆ.
ಗೀರು ತೆಗೆದು, ತೊಳೆದು, ಮೊನ್ನೆ ಮಡಿಕೇರಿಯ
ಬಾಡಿಗೆ ಹಾಲೊಂದರಲ್ಲಿ ತೋರಿಸಿದರು.
ನಲವತ್ತು ಜನ. ಪೆಮ್ಮಯ್ಯ ಬರಲಿಲ್ಲ,
ಹೂಗುಚ್ಛ ಕಳಿಸಿದ್ದರು.
ಪೇಪರಿನ ಹುಡುಗ ಕುರ್ಚಿ ಎಳೆದುಕೊಂಡು ಬಂದ.
‘ಆ ಮಗುವಿನ ಕಣ್ಣಲ್ಲಿ ದೆವ್ವ ಕಾಣುತ್ತೆ, ಮೇಡಂ.’
ಹೌದು ಎಂದೆ.
ಆ ಕಣ್ಣು ಸ್ವಲ್ಪ ಎಡಕ್ಕಿವೆ, ಸ್ವಲ್ಪ ಮೇಲಕ್ಕೆ.
ನೆಲಕ್ಕೆ ಬಿದ್ದವನನ್ನು ಯಾರಾದರೂ
ಮೇಲೆ ನೋಡುತ್ತಾರೆಯೇ?
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

‘ಜೋಕರ್ ಯಾರು? ಟೈಟಲಿನಲ್ಲಿ ಮತ್ತಿತರರು ಎಂದಿದೆ.’
ಹೇಳಿದೆ.
ಕುಂಜಪ್ಪ ಎಂದು ಬರೆದುಕೊಂಡ.
ಅಲ್ಲ ಎಂದೆ. ಕುಂಯಂಬು ಎಂದು ತಿದ್ದಿದ.
ಅದೂ ಅಲ್ಲ, ಚ ಛ ಜ ಝ ಆದಮೇಲೆ ಒಂದಿದೆಯಲ್ಲ,
ಒಂದನೇ ಕ್ಲಾಸಿನಲ್ಲಿ ತಿದ್ದಿ ತಿದ್ದಿ ಕಲಿತು
ಮತ್ತೆ ಯಾರಿಗೂ ಬೇಕಾಗದ ಅಕ್ಷರ.
ಅವನು ನೆನಪಿಸಿಕೊಳ್ಳುತ್ತಾ ಗಾಳಿಯಲ್ಲಿ ಬೆರಳಾಡಿಸಿದ.
ಕೊಡಪ್ಪ ಪೆನ್ನು, ಎಂದೆ.